ಬಹುಪದೋಕ್ತಿಗಳ ಲೆಕ್ಕ ತಪ್ಪಿದಾಗ ದೋಷವಿರುವ ಸಾಲನ್ನು ಪತ್ತೆ ಮಾಡುವ ಕ್ರಮ

ಬಹುಪದೋಕ್ತಿಗಳನ್ನು ಕೂಡಿ, ಕಳೆದು, ಗುಣಿಸಿ ಬಂದ ಉತ್ತರವು ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರಕ್ಕೆ ತಾಳೆಯಾಗದಿದ್ದಾಗ ಹೆಚ್ಚಿನವರು ಇಡೀ ಲೆಕ್ಕವನ್ನು ಹೊಡೆದುಹಾಕಿ ಮೊದಲಿನಿಂದ ಮಾಡುತ್ತಾರೆ. ಹಾಗೆ ಮಾಡಿದಾಗ ಕೆಲವೊಮ್ಮೆ ಸರಿಯುತ್ತರ ಬರುತ್ತದೆ, ಆದರೆ ಮೊದಲ ಸಲ ತಪ್ಪಿದ್ದು ಎಲ್ಲಿ ಎಂಬುದು ಗೊತ್ತಾಗದೆ ಉಳಿಯುತ್ತದೆ. ಇನ್ನು ಕೆಲವೊಮ್ಮೆ ಅದೇ ಕೈ ಅದೇ ಜಾಗದಲ್ಲಿ ಅದೇ ತಪ್ಪನ್ನು ಮಾಡುತ್ತದೆ, ಎರಡು ಸಲವೂ ಒಂದೇ ಉತ್ತರ ಬಂದಿತಲ್ಲ ಎಂಬ ಕಾರಣಕ್ಕೆ ತಪ್ಪು ಉತ್ತರದ ಮೇಲೆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ತಪ್ಪು ಉತ್ತರವನ್ನು ಅಳಿಸಬಾರದು. ಅದರ ಬೆಲೆಗೂ ಸರಿಯಾದ ಬೆಲೆಗೂ ಇರುವ ವ್ಯತ್ಯಾಸವನ್ನು ಓದಲು ಬಂದರೆ, ಯಾವ ಘಾತದ ಪದ ಕೆಟ್ಟಿದೆ, ಕೆಟ್ಟಿದ್ದು ಚಿಹ್ನೆಯೋ ಸಹಗುಣಕವೋ (ಚರಾಕ್ಷರವನ್ನು ಗುಣಿಸುವ ಸಂಖ್ಯೆಯೋ) ಎಂಬುದನ್ನು ಲೆಕ್ಕವನ್ನು ಮತ್ತೊಮ್ಮೆ ಮಾಡದೆಯೇ ಬಹುತೇಕ ಹೇಳಿಬಿಡಬಹುದು.

ಈ ಬರಹದಲ್ಲಿ ಚರಾಕ್ಷರಕ್ಕೆ ‘ಯ’ ಎಂದೂ ಎರಡನೆಯ ಚರಾಕ್ಷರ ಬೇಕಾದಲ್ಲಿ ‘ಕ’ ಎಂದೂ ಬರೆದಿದ್ದೇನೆ. ಇದು ಹೊಸ ಏರ್ಪಾಡೇನಲ್ಲ. 12ನೆಯ ಶತಮಾನದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಅವ್ಯಕ್ತ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದೂ, ಎರಡನೆಯದನ್ನು ‘ಕಾಲಕ’ ಎಂದು ಕರೆದು ‘ಕಾ’ ಎಂದೂ ಚಿಕ್ಕದಾಗಿ ಸೂಚಿಸುತ್ತಿದ್ದರು.

ಬೆಲೆ ಆದೇಶಿಸಿ ನೋಡುವುದು

ಸುಲಭೀಕರಿಸುವಾಗ ಉಕ್ತಿಯ ರೂಪ ಬದಲಾಗಬಹುದು, ಬೆಲೆ ಬದಲಾಗಬಾರದು. ಎಲ್ಲ ಪರೀಕ್ಷೆಗಳೂ ನಿಂತಿರುವುದು ಈ ಒಂದು ಮಾತಿನ ಮೇಲೆ. ಯ ಎಂಬಲ್ಲಿ ಯಾವುದಾದರೂ ಸಂಖ್ಯೆಯನ್ನು ಆದೇಶಿಸಿ, ಅಂದರೆ ಅದರ ಬದಲಿಗೆ ಇಟ್ಟು, ಪ್ರಶ್ನೆಯಲ್ಲಿ ಕೊಟ್ಟ ಉಕ್ತಿಯ ಬೆಲೆಯನ್ನೂ ನಿಮ್ಮ ಉತ್ತರದ ಬೆಲೆಯನ್ನೂ ಬೇರೆ ಬೇರೆಯಾಗಿ ಕಂಡುಹಿಡಿಯಿರಿ. ಎರಡೂ ಒಂದೇ ಆಗಿರದಿದ್ದರೆ ನಡುವಿನ ಯಾವುದೋ ಸಾಲಿನಲ್ಲಿ ದೋಷವಿದೆ. ಅದು ಯಾವ ಸಾಲು ಎಂದು ತಿಳಿಯಲು ಅದೇ ಸಂಖ್ಯೆಯನ್ನು ನಡುವಿನ ಸಾಲುಗಳಿಗೂ ಆದೇಶಿಸಬೇಕು. ಎಂಟು ಸಾಲುಗಳ ಲೆಕ್ಕವಾದರೆ ಮೊದಲು ನಾಲ್ಕನೆಯ ಸಾಲನ್ನು ನೋಡಿ, ಅಲ್ಲಿ ಬೆಲೆ ಸರಿಯಿದ್ದರೆ ಕೆಳಗಿನ ಅರ್ಧವನ್ನು, ತಪ್ಪಿದ್ದರೆ ಮೇಲಿನ ಅರ್ಧವನ್ನು ಹಿಡಿಯಿರಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಮೂರು ಪರೀಕ್ಷೆಗಳಲ್ಲಿ ಬೆಲೆ ಮೊದಲ ಬಾರಿಗೆ ಕೆಟ್ಟ ಸಾಲು ಸಿಗುತ್ತದೆ.

ಯಾವ ಸಂಖ್ಯೆಯನ್ನು ಆದೇಶಿಸಬೇಕು ಎಂಬುದು ಮಾತ್ರ ಚಿಲ್ಲರೆ ವಿಷಯವಲ್ಲ. ಒಂದೊಂದು ಸಂಖ್ಯೆಗೂ ಕಾಣುವ ತಪ್ಪುಗಳಿವೆ, ಕಾಣದ ತಪ್ಪುಗಳೂ ಇವೆ. 0 ಅನ್ನು ಆದೇಶಿಸಿದರೆ ಯ ಇರುವ ಪದಗಳೆಲ್ಲ ಮಾಯವಾಗಿ ಸ್ಥಿರಪದವೊಂದೇ ಉಳಿಯುವುದರಿಂದ, ಅದರ ಸರಿತಪ್ಪು ಮಾತ್ರ ತಿಳಿಯುತ್ತದೆ. 1 ಅನ್ನು ಆದೇಶಿಸುವುದೆಂದರೆ ಸಹಗುಣಕಗಳನ್ನು ಕೂಡುವುದು. ಇದು ಬಾಯಿಲೆಕ್ಕದಲ್ಲೇ ಆಗುವ ಕೆಲಸ, ಚಿಹ್ನೆಯ ತಪ್ಪುಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ 1ರ ಯಾವ ಘಾತವೂ 1 ಆಗಿರುವುದರಿಂದ ಘಾತಾಂಕದ ತಪ್ಪುಗಳಿಗೆ ಅದು ಪೂರ್ತಿ ಕುರುಡು. 2 ಎಂಬುದು ಒಳ್ಳೆಯ ಸಂಖ್ಯೆಯಂತೆ ಕಂಡರೂ ಅದಕ್ಕೂ ಒಂದು ಕುರುಡು ಜಾಗವಿದೆ: 2 + 2 ಮತ್ತು 2 × 2 ಎರಡೂ 4 ಆಗಿರುವುದರಿಂದ, ಯ + ಯ ಎಂಬುದನ್ನು ಯ² ಎಂದು ಬರೆದವರ ತಪ್ಪು ಅಲ್ಲಿ ಸಿಕ್ಕಿಬೀಳುವುದಿಲ್ಲ. ಹಾಗಾಗಿ ನಾನು 1 ಮತ್ತು 2 ಎರಡನ್ನೂ ಜೋಡಿಯಾಗಿ ಬಳಸುತ್ತೇನೆ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಒಂದೇ ಸಂಖ್ಯೆಗೆ ಸಮಯವಿದ್ದರೆ 3 ಮೇಲು.

ವ್ಯತ್ಯಾಸವನ್ನು ಓದುವುದು

ತಪ್ಪಿದೆ ಎಂದು ತಿಳಿಯುವುದು ಮೊದಲ ಹೆಜ್ಜೆ ಮಾತ್ರ. ಒಂದು ಉದಾಹರಣೆಯನ್ನು ಸಾವಕಾಶವಾಗಿ ನೋಡೋಣ. ಸುಲಭೀಕರಿಸಬೇಕಾದದ್ದು ಇದು:

(2ಯ² − 3ಯ + 4)(ಯ − 2) − (ಯ³ − 5ಯ² + 6)

ಒಬ್ಬ ವಿದ್ಯಾರ್ಥಿಯ ಮೊದಲ ಸಾಲು ಹೀಗಿದೆ:

2ಯ³ − 4ಯ² − 3ಯ² + 6ಯ + 4ಯ − 8 − ಯ³ − 5ಯ² + 6

ಆತ ಬರೆದ ಉತ್ತರ:

ಯ³ − 12ಯ² + 10ಯ − 2

ಪ್ರಶ್ನೆಗೆ 0, 1, 2 ಇವುಗಳನ್ನು ಆದೇಶಿಸಿದಾಗ ಕ್ರಮವಾಗಿ −14, −5, 6 ಎಂಬ ಬೆಲೆಗಳು ಬರುತ್ತವೆ. ಉತ್ತರಕ್ಕೆ ಅವೇ ಸಂಖ್ಯೆಗಳನ್ನು ಆದೇಶಿಸಿದರೆ −2, −3, −22 ಬರುತ್ತವೆ. ಉತ್ತರದ ಬೆಲೆಯಿಂದ ಪ್ರಶ್ನೆಯ ಬೆಲೆಯನ್ನು ಕಳೆದರೆ ವ್ಯತ್ಯಾಸಗಳು 12, 2, −28.

ಈಗ ಈ ಮೂರು ಸಂಖ್ಯೆಗಳನ್ನು ಓದಬೇಕು. 0ರಲ್ಲಿಯೇ 12ರ ವ್ಯತ್ಯಾಸ ಬಂದಿರುವುದರಿಂದ ಸ್ಥಿರಪದದಲ್ಲಿ 12ರಷ್ಟು ತಪ್ಪಿದೆ ಎಂಬುದು ಖಚಿತ. ಆ 12 ಅನ್ನು ಉಳಿದ ಎರಡರಿಂದ ಕಳೆದರೆ 1ರಲ್ಲಿ −10, 2ರಲ್ಲಿ −40 ಉಳಿಯುತ್ತದೆ. ಯ ಎರಡು ಪಟ್ಟಾದಾಗ ವ್ಯತ್ಯಾಸ ನಾಲ್ಕು ಪಟ್ಟಾಗಿದೆ. ಎರಡು ಪಟ್ಟಾಗಿದ್ದರೆ ಯ ಪದದ ಮೇಲೆ, ಎಂಟು ಪಟ್ಟಾಗಿದ್ದರೆ ಯ³ ಪದದ ಮೇಲೆ ಅನುಮಾನ ಪಡಬೇಕಿತ್ತು; ನಾಲ್ಕು ಪಟ್ಟಾದದ್ದರಿಂದ ಕೆಟ್ಟಿರುವುದು ಯ² ಪದ, ತಪ್ಪಿನ ಪ್ರಮಾಣ −10ಯ². ಒಟ್ಟು ದೋಷ −10ಯ² + 12.

ಈ ಎರಡು ಪದಗಳನ್ನು ಪ್ರಶ್ನೆಯ ಪಕ್ಕ ಇಟ್ಟು ನೋಡಿ. ಕೊನೆಯ ಆವರಣದಲ್ಲಿ −5ಯ² ಇದೆ, +6 ಇದೆ; ದೋಷವು ಸರಿಯಾಗಿ ಅವುಗಳ ಎರಡರಷ್ಟು. ಚಿಹ್ನೆಯ ತಪ್ಪಿನ ಗುರುತೇ ಇದು: +5ಯ² ಎಂದು ಬರೆಯಬೇಕಾದಲ್ಲಿ −5ಯ² ಬರೆದರೆ ಉತ್ತರ 5ಯ²ದಷ್ಟಲ್ಲ, 10ಯ²ದಷ್ಟು ಸರಿಯುತ್ತದೆ. ಒಂದೇ ಆವರಣದ ಎರಡನೆಯ ಮತ್ತು ಮೂರನೆಯ ಪದಗಳೆರಡೂ ಹೀಗೆ ಇಮ್ಮಡಿಯಾಗಿ ಕೆಟ್ಟಿವೆ, ಮೊದಲನೆಯ ಪದ ಮಾತ್ರ ಸರಿಯಿದೆ ಎಂದರೆ, ಆವರಣದ ಹಿಂದಿನ ಋಣ ಚಿಹ್ನೆಯನ್ನು ಮೊದಲ ಪದಕ್ಕೆ ಕೊಟ್ಟು ಉಳಿದವನ್ನು ಇದ್ದ ಹಾಗೆಯೇ ಇಳಿಸಿಕೊಳ್ಳಲಾಗಿದೆ. ಮೊದಲ ಸಾಲಿಗೆ 1 ಅನ್ನು ಆದೇಶಿಸಿದಾಗ −3 ಬರುವುದರಿಂದ, ತಪ್ಪು ಆ ಸಾಲಿನಲ್ಲೇ ಆಗಿದೆ ಎಂಬುದೂ ದೃಢಪಡುತ್ತದೆ. ಅಲ್ಲಿ − ಯ³ + 5ಯ² − 6 ಎಂದು ತಿದ್ದಿದರೆ ಉತ್ತರ ಯ³ − 2ಯ² + 10ಯ − 14 ಆಗುತ್ತದೆ.

ವ್ಯತ್ಯಾಸವು ಯಾವುದೋ ಪದದ ಇಮ್ಮಡಿಯಾಗಿರದೆ ಆ ಪದವೇ ಆಗಿದ್ದರೆ ಕಥೆ ಬೇರೆ. ಆಗ ಆ ಪದವನ್ನು ಬರೆಯದೆ ಬಿಟ್ಟಿರುತ್ತೀರಿ ಅಥವಾ ಎರಡು ಸಲ ಬರೆದಿರುತ್ತೀರಿ. ಗುಣಾಕಾರದಲ್ಲಿ ಇದನ್ನು ಎಣಿಸಿಯೇ ಕಂಡುಕೊಳ್ಳಬಹುದು: ಮೂರು ಪದಗಳ ಉಕ್ತಿಯನ್ನು ಎರಡು ಪದಗಳ ಉಕ್ತಿಯಿಂದ ಗುಣಿಸಿದರೆ, ಸಜಾತಿ ಪದಗಳನ್ನು (ಒಂದೇ ಚರಾಕ್ಷರ, ಒಂದೇ ಘಾತ ಇರುವ ಪದಗಳನ್ನು) ಕೂಡಿಸುವ ಮೊದಲು ಆರು ಪದಗಳು ಇರಲೇಬೇಕು. ಐದೇ ಇದ್ದರೆ ಮುಂದಿನ ಸಾಲಿಗೆ ಹೋಗಬೇಡಿ. ಗುಣಿಸುವಾಗಲೇ ಸಜಾತಿ ಪದಗಳನ್ನು ಮನಸ್ಸಿನಲ್ಲೇ ಕೂಡಿಸಿ ಬರೆಯುವವರಿಗೆ ಈ ಎಣಿಕೆಯ ಅನುಕೂಲ ಸಿಗುವುದಿಲ್ಲ. ಒಂದು ಸಾಲು ಉಳಿಸಲು ಹೋಗಿ ತಪ್ಪು ಹುಡುಕುವ ದಾರಿಯನ್ನೇ ಅವರು ಮುಚ್ಚಿಕೊಂಡಿರುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಮೇಲಿನ ಪ್ರಶ್ನೆಯಲ್ಲಿ ಕೊನೆಯ 6ರ ಬದಲು 5 ಇದ್ದಿದ್ದರೆ, ಅದೇ ತಪ್ಪು ಮಾಡಿದವನ ದೋಷ −10ಯ² + 10 ಆಗುತ್ತಿತ್ತು, 1 ಅನ್ನು ಆದೇಶಿಸಿದರೆ ಅದು ಸೊನ್ನೆಯಾಗುತ್ತಿತ್ತು. ಎರಡು ಚಿಹ್ನೆಗಳು ತಪ್ಪಿದ್ದರೂ ಪರೀಕ್ಷೆ ಸರಿಯೆಂದೇ ಹೇಳುತ್ತಿತ್ತು. ಒಂದು ಬೆಲೆ ತಾಳೆಯಾದದ್ದು ರುಜುವಾತಲ್ಲ. ಹಾಗಾದರೆ ಎಷ್ಟು ಬೆಲೆಗಳು ಬೇಕು? ಸೊನ್ನೆಯಲ್ಲದ ಒಂದು ಬಹುಪದೋಕ್ತಿಗೆ ಅದರ ಮಹತ್ತಮ ಘಾತಕ್ಕಿಂತ ಹೆಚ್ಚು ಶೂನ್ಯತೆಗಳು (ಅದರ ಬೆಲೆಯನ್ನು ಸೊನ್ನೆ ಮಾಡುವ ಸಂಖ್ಯೆಗಳು) ಇರಲಾರವು. ಪ್ರಶ್ನೆಯೂ ಉತ್ತರವೂ ಮೂರನೆಯ ಘಾತವನ್ನು ಮೀರದಿದ್ದರೆ ಅವುಗಳ ವ್ಯತ್ಯಾಸವೂ ಮೂರನೆಯ ಘಾತವನ್ನು ಮೀರುವುದಿಲ್ಲ. ಆ ವ್ಯತ್ಯಾಸ ನಾಲ್ಕು ಬೇರೆ ಬೇರೆ ಸಂಖ್ಯೆಗಳಲ್ಲಿ ಸೊನ್ನೆಯಾದರೆ ಅದು ಎಲ್ಲೆಡೆಯೂ ಸೊನ್ನೆಯೇ. ಅಂದರೆ ಘನ ಬಹುಪದೋಕ್ತಿಗೆ ನಾಲ್ಕು, ವರ್ಗ ಬಹುಪದೋಕ್ತಿಗೆ ಮೂರು ಬೆಲೆಗಳು ತಾಳೆಯಾದರೆ ಅದು ಊಹೆಯಲ್ಲ, ಪೂರ್ಣ ಸಾಧನೆ.

1ರಲ್ಲಿ ಸರಿ, 2ರಲ್ಲಿ ತಪ್ಪು

ಸಹಗುಣಕಗಳ ಮೊತ್ತ ಸರಿಯಾಗಿ ಬಂದು 2ರಲ್ಲಿ ಮಾತ್ರ ಬೆಲೆ ಕೆಟ್ಟರೆ, ಮೊದಲು ಘಾತಾಂಕಗಳನ್ನು ನೋಡಿ. 3ಯ² + 2ಯ = 5ಯ³ ಎಂದು ಬರೆದವರ ಉತ್ತರಕ್ಕೆ 1 ಅನ್ನು ಆದೇಶಿಸಿದರೆ ಎರಡೂ ಕಡೆ 5; 2 ಅನ್ನು ಆದೇಶಿಸಿದರೆ ಎಡಗಡೆ 16, ಬಲಗಡೆ 40. ವಿಜಾತಿ ಪದಗಳನ್ನು ಬೆಸೆದ ತಪ್ಪುಗಳೆಲ್ಲ ಇದೇ ಲಕ್ಷಣವನ್ನು ತೋರಿಸುತ್ತವೆ. 4ಯ² + 3ಯ² = 7ಯ⁴ ಎಂಬುದೂ ಇದೇ ಜಾತಿಗೆ ಸೇರಿದ್ದು, ಆದರೆ ಅದರ ಮೂಲ ಬೇರೆ: ಗುಣಿಸುವಾಗ ಘಾತಾಂಕಗಳನ್ನು ಕೂಡಬೇಕೆಂಬ ನಿಯಮವನ್ನು ಕೂಡುವಾಗಲೂ ಹಚ್ಚಲಾಗಿದೆ. ಯ² × ಯ³ = ಯ⁶ ಎಂದು ಬರೆಯುವವರು ಇದಕ್ಕೆ ತಿರುಗುಮುರುಗಾಗಿ, ಘಾತದ ಘಾತಕ್ಕೆ ಸಲ್ಲುವ ನಿಯಮವನ್ನು ಗುಣಾಕಾರಕ್ಕೆ ತಂದಿರುತ್ತಾರೆ. ನಿಯಮವನ್ನು ನೆನಪಿಸಿಕೊಳ್ಳಲು ಒದ್ದಾಡುವ ಬದಲು ಯ·ಯ × ಯ·ಯ·ಯ ಎಂದು ಬಿಡಿಸಿ ಬರೆದು ಐದು ಯಗಳನ್ನು ಎಣಿಸುವುದು ನಾಚಿಕೆಯ ಕೆಲಸವಲ್ಲ.

ಕೈಬರಹದ ದೋಷವೂ ಇದೇ ಲಕ್ಷಣದಿಂದ ಹೊರಬೀಳುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಯ² ಎಂಬುದರ ಮೇಲಿನ ಪುಟ್ಟ ಅಂಕಿ ಉದುರಿ ಹೋಗಿರುತ್ತದೆ ಅಥವಾ ಯ³ ಎಂಬುದು ಯ² ಆಗಿರುತ್ತದೆ. ಇಂಥ ಕಡೆ ಬೀಜಗಣಿತದಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. ಎರಡು ಸಾಲುಗಳನ್ನು ಬೆರಳಿಟ್ಟು ಪದಕ್ಕೆ ಪದ ಹೋಲಿಸಬೇಕು.

ವರ್ಗ ಮಾಡುವಾಗ

(3ಯ − 4)² ಎಂಬುದರ ಸರಿಯಾದ ವಿಸ್ತರಣೆ 9ಯ² − 24ಯ + 16. ಇದನ್ನು 9ಯ² + 16 ಎಂದು ಬರೆದರೆ 1ರಲ್ಲಿ 24, 2ರಲ್ಲಿ 48 ವ್ಯತ್ಯಾಸ ಬರುತ್ತದೆ. ಎರಡು ಪಟ್ಟಾಗಿ ಬೆಳೆಯುವ ಈ ವ್ಯತ್ಯಾಸವೇ ನಡುವಿನ ಪದ ಕಾಣೆಯಾಗಿದೆ ಎಂದು ಹೇಳುತ್ತದೆ. 3ಯ² − 24ಯ + 16 ಎಂದು ಬರೆದರೆ ವ್ಯತ್ಯಾಸ −6, −24. ನಾಲ್ಕು ಪಟ್ಟು, ಅಂದರೆ ವರ್ಗಪದದ ಸಹಗುಣಕದಲ್ಲಿ 6 ಕಡಿಮೆ: ಯ ಅನ್ನು ವರ್ಗ ಮಾಡಿ 3 ಅನ್ನು ಮರೆತಿದ್ದಾರೆ. ನಿತ್ಯಸಮೀಕರಣವನ್ನು ಬಾಯಿಪಾಠ ಮಾಡಿದ್ದರೂ ಕೈ ತಪ್ಪುವವರು ಕೆಲವು ದಿನ (3ಯ − 4)(3ಯ − 4) ಎಂದು ಎರಡು ಆವರಣಗಳಾಗಿ ಬರೆದು ನಾಲ್ಕು ಪದಗಳನ್ನು ಎಣಿಸುವುದು ಒಳ್ಳೆಯದು.

ಭಾಗಾಕಾರದಲ್ಲಿ ಸೊನ್ನೆಯ ಜಾಗ

2ಯ³ − 5ಯ + 3 ಎಂಬುದನ್ನು ಯ − 2 ರಿಂದ ಭಾಗಿಸಬೇಕು. ಸಂಶ್ಲೇಷಿತ ಭಾಗಾಕಾರಕ್ಕೆ (ಸಹಗುಣಕಗಳನ್ನಷ್ಟೇ ಬಳಸಿ ಭಾಗಿಸುವ ವಿಧಾನಕ್ಕೆ) ಸಹಗುಣಕಗಳನ್ನು 2, −5, 3 ಎಂದು ಸಾಲಾಗಿ ಬರೆದು ಮುಂದುವರಿದರೆ ಭಾಗಲಬ್ಧ 2ಯ − 1, ಶೇಷ 1 ಬರುತ್ತದೆ. ಈ ಉತ್ತರವನ್ನು ನೋಡಿದ ಕೂಡಲೇ ಎರಡು ಕಡೆ ಅನುಮಾನ ಹುಟ್ಟಬೇಕು. ಮೊದಲನೆಯದು, ಮೂರನೆಯ ಘಾತದ ಭಾಜ್ಯವನ್ನು ಒಂದನೆಯ ಘಾತದ ಭಾಜಕದಿಂದ ಭಾಗಿಸಿದಾಗ ಭಾಗಲಬ್ಧ ಎರಡನೆಯ ಘಾತದ್ದೇ ಆಗಿರಬೇಕು, ಇಲ್ಲಿ ಒಂದನೆಯ ಘಾತದ್ದು ಬಂದಿದೆ. ಎರಡನೆಯದು, ಶೇಷ ಪ್ರಮೇಯದ ಪ್ರಕಾರ ಶೇಷವು ಭಾಜ್ಯಕ್ಕೆ 2 ಅನ್ನು ಆದೇಶಿಸಿದಾಗ ಬರುವ ಬೆಲೆಗೆ, ಅಂದರೆ 16 − 10 + 3 = 9ಕ್ಕೆ ಸಮನಾಗಬೇಕು.

ಲೆಕ್ಕದ ಒಂದೊಂದು ಹೆಜ್ಜೆಯನ್ನೂ ನೋಡಿದರೆ ಯಾವುದೂ ತಪ್ಪಿಲ್ಲ, ಆದ್ದರಿಂದಲೇ ಈ ದೋಷ ಬೇಗ ಸಿಗುವುದಿಲ್ಲ. ತಪ್ಪಿರುವುದು ಪೀಠಿಕೆಯಲ್ಲಿ: ಯ² ಪದ ಇಲ್ಲವೆಂದು ಅದರ ಜಾಗವನ್ನೂ ತೆಗೆದುಬಿಟ್ಟಿದ್ದರಿಂದ, ವಾಸ್ತವದಲ್ಲಿ ಭಾಗಿಸಿದ್ದು 2ಯ² − 5ಯ + 3 ಎಂಬ ಬೇರೆಯೇ ಬಹುಪದೋಕ್ತಿಯನ್ನು. 2, 0, −5, 3 ಎಂದು ಬರೆದರೆ ಭಾಗಲಬ್ಧ 2ಯ² + 4ಯ + 3, ಶೇಷ 9. ಹಳೆಯ ಭಾರತೀಯ ಗಣಿತಜ್ಞರು ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆಯುವಾಗ ಇಲ್ಲದ ಪದಕ್ಕೂ ‘0’ ಎಂಬ ಸಹಗುಣಕವನ್ನು ಕೊಟ್ಟು ಜಾಗ ಕಾಯ್ದಿರಿಸುತ್ತಿದ್ದರು. ಅದು ಅಲಂಕಾರವಾಗಿರಲಿಲ್ಲ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ದೀರ್ಘ ಭಾಗಾಕಾರದಲ್ಲಿ ಇನ್ನೊಂದು ದೋಷ ಕಾದಿರುತ್ತದೆ. ಇದೇ ಲೆಕ್ಕದಲ್ಲಿ ಮೊದಲ ಹೆಜ್ಜೆಗೆ 2ಯ³ + 0ಯ² ಎಂಬುದರಿಂದ 2ಯ³ − 4ಯ² ಅನ್ನು ಕಳೆಯಬೇಕು, ಉಳಿಯುವುದು +4ಯ². ಸೊನ್ನೆಯಿಂದ ಋಣವನ್ನು ಕಳೆದರೆ ಧನ ಎಂಬ ನಿಯಮವನ್ನು ಬ್ರಹ್ಮಗುಪ್ತರು ಕ್ರಿ.ಶ. 628ರಲ್ಲಿಯೇ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಹೇಳಿದ್ದಾರೆ, ಆದರೂ ಕಣ್ಣು −4ಯ² ಅನ್ನು ನೋಡಿ ಕೈ ಅದನ್ನೇ ಕೆಳಗಿಳಿಸುತ್ತದೆ. ಹಾಗೆ ಇಳಿಸಿ, ಮುಂದಿನ ಹೆಜ್ಜೆಗಳನ್ನೆಲ್ಲ ಸರಿಯಾಗಿ ಮಾಡಿದರೆ ಭಾಗಲಬ್ಧ 2ಯ² − 4ಯ − 13, ಶೇಷ −23 ಬರುತ್ತದೆ. ಭಾಜಕ × ಭಾಗಲಬ್ಧ + ಶೇಷ ಎಂದು ಮರಳಿ ಕಟ್ಟಿದರೆ 2ಯ³ − 8ಯ² − 5ಯ + 3 ಸಿಗುತ್ತದೆ. ಮೂಲ ಭಾಜ್ಯಕ್ಕಿಂತ ಇದು −8ಯ²ದಷ್ಟು ಬೇರೆ, −4ಯ²ದ ಇಮ್ಮಡಿ. ಹಿಂದೆ ಹೇಳಿದ ಚಿಹ್ನೆಯ ಗುರುತೇ ಇಲ್ಲಿಯೂ ಇದೆ, ಯಾವ ಹೆಜ್ಜೆಯ ಯಾವ ಪದ ಎಂಬುದನ್ನೂ ಅದೇ ತೋರಿಸಿಕೊಡುತ್ತದೆ. ಕಳೆಯಬೇಕಾದ ಸಾಲನ್ನು ಆವರಣದೊಳಗೆ ಬರೆದು ಮುಂದೆ ಋಣ ಚಿಹ್ನೆ ಹಾಕುವ ಅಭ್ಯಾಸದಿಂದ ಈ ದೋಷ ಬಹುಮಟ್ಟಿಗೆ ನಿಲ್ಲುತ್ತದೆ.

ಏಕಪದೋಕ್ತಿಯಿಂದ ಭಾಗಿಸುವಾಗ ಆಗುವ ತಪ್ಪು ಸರಳವಾದದ್ದು: (6ಯ² + 9ಯ) ÷ 3ಯ ಎಂಬಲ್ಲಿ ಮೊದಲ ಪದವನ್ನು ಮಾತ್ರ ಭಾಗಿಸಿ 2ಯ + 9ಯ, ಕೊನೆಗೆ 11ಯ ಎಂದು ಬರೆಯುವುದು. ಉತ್ತರ 2ಯ + 3. 1 ಅನ್ನು ಆದೇಶಿಸಿದರೆ 5 ಬರಬೇಕಾದಲ್ಲಿ 11 ಬರುತ್ತದೆ, ಅಷ್ಟೇ ಸಾಕು.

ಪರೀಕ್ಷೆಯೇ ಕೆಟ್ಟಿದ್ದರೆ

ಲೆಕ್ಕ ಸರಿಯಿದ್ದು ಪರೀಕ್ಷೆ ತಪ್ಪಿದ್ದರೆ, ಇಲ್ಲದ ದೋಷವನ್ನು ಹುಡುಕುತ್ತ ಬಹಳ ಹೊತ್ತು ಕಳೆಯಬೇಕಾಗುತ್ತದೆ. ಋಣ ಸಂಖ್ಯೆಯನ್ನು ಆದೇಶಿಸುವಾಗ ಇದು ಹೆಚ್ಚು. −ಯ² ಎಂಬಲ್ಲಿ ಯ = −2 ಆದರೆ ಬರೆಯಬೇಕಾದದ್ದು −(−2)², ಬೆಲೆ −4. ಆವರಣವಿಲ್ಲದೆ ಬರೆದು ಎರಡು ಋಣಗಳನ್ನು ಒಂದಕ್ಕೊಂದು ಹೊಡೆದು +4 ಮಾಡಿದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಯಂತ್ರಗಳ ಮೇಲೂ ಕುರುಡು ನಂಬಿಕೆ ಬೇಡ: ಎಕ್ಸೆಲ್ ಕೋಷ್ಟಕದಲ್ಲಿ =-2^2 ಎಂದು ಬರೆದರೆ 4 ಬರುತ್ತದೆ, ಪೈಥಾನ್ ಭಾಷೆಯಲ್ಲಿ -2**2 ಎಂದು ಬರೆದರೆ −4 ಬರುತ್ತದೆ. ಮೊದಲನೆಯದು ಋಣ ಚಿಹ್ನೆಯನ್ನು ಸಂಖ್ಯೆಗೆ ಅಂಟಿಸಿಕೊಂಡು ವರ್ಗ ಮಾಡುತ್ತದೆ, ಎರಡನೆಯದು ಬೀಜಗಣಿತದ ವಾಡಿಕೆಯಂತೆ ಮೊದಲು ವರ್ಗ ಮಾಡಿ ಆಮೇಲೆ ಋಣ ಹಾಕುತ್ತದೆ. ಎಲ್ಲಿಯೇ ಆಗಲಿ, ಆದೇಶಿಸುವ ಸಂಖ್ಯೆಯನ್ನು ಆವರಣದೊಳಗೆ ಹಾಕಿಯೇ ಬರೆಯಬೇಕು.

ಭಾಜಕವನ್ನು ಸೊನ್ನೆ ಮಾಡುವ ಸಂಖ್ಯೆಯ ವಿಷಯದಲ್ಲೂ ಎಚ್ಚರ ಬೇಕು. (6ಯ² + 9ಯ) ÷ 3ಯ ಎಂಬಲ್ಲಿ 0 ಅನ್ನು ಆದೇಶಿಸಿದರೆ ಅರ್ಥವೇ ಇಲ್ಲ. ಯ − 2 ರಿಂದ ಭಾಗಿಸಿದ ಲೆಕ್ಕವನ್ನು ಮರಳಿ ಕಟ್ಟಿ 2ರಲ್ಲಿ ಪರೀಕ್ಷಿಸಿದರೆ ಶೇಷದ ಸರಿತಪ್ಪು ಮಾತ್ರ ತಿಳಿಯುತ್ತದೆ. ಭಾಗಲಬ್ಧ ಸೊನ್ನೆಯಿಂದ ಗುಣಿಸಲ್ಪಟ್ಟು ಕಣ್ಮರೆಯಾಗುತ್ತದೆ. ಅದಕ್ಕೆ 1 ಅಥವಾ 3 ಬೇಕು. ಎರಡು ಚರಾಕ್ಷರಗಳಿದ್ದರೆ ಎರಡಕ್ಕೂ ಒಂದೇ ಸಂಖ್ಯೆ ಕೊಡಬಾರದು: ಯ = ಕ = 2 ಎಂದು ಇಟ್ಟರೆ ಯ²ಕ ಮತ್ತು ಯಕ² ಅದಲುಬದಲಾದದ್ದು ಕಾಣುವುದಿಲ್ಲ. ಯ = 2, ಕ = 5 ಎಂದಿಟ್ಟರೆ ಒಂದು 20, ಇನ್ನೊಂದು 50.

ಬೆಲೆಗಳೆಲ್ಲ ತಾಳೆಯಾಗಿ ಉತ್ತರ ಮಾತ್ರ ಬೇರೆ ಕಂಡರೆ

ಬೇಕಾದಷ್ಟು ಬೆಲೆಗಳು ಪ್ರಶ್ನೆಯೊಂದಿಗೆ ತಾಳೆಯಾಗಿವೆ, ಆದರೂ ಪುಸ್ತಕದ ಉತ್ತರ ಬೇರೆ ತೋರುತ್ತಿದೆ ಎನ್ನಿ. ಮೊದಲು ನಿಮ್ಮ ಉತ್ತರದಲ್ಲಿ ಕೂಡದೆ ಉಳಿದ ಸಜಾತಿ ಪದಗಳಿವೆಯೇ ನೋಡಿ. ಬೆಲೆಯ ಪರೀಕ್ಷೆ ಇದನ್ನು ಎಂದೂ ಹೇಳುವುದಿಲ್ಲ, ಏಕೆಂದರೆ ಅರ್ಧಕ್ಕೆ ನಿಂತ ಸುಲಭೀಕರಣದ ಬೆಲೆಯೂ ಸರಿಯೇ ಇರುತ್ತದೆ. 3ಯಕ ಮತ್ತು 4ಕಯ ಅಕ್ಷರಗಳ ಕ್ರಮ ಬೇರೆಯಾದ್ದರಿಂದ ವಿಜಾತಿಯಂತೆ ಕಾಣುತ್ತವೆ, ಆದರೆ ಅವು ಸಜಾತಿ ಪದಗಳೇ, ಮೊತ್ತ 7ಯಕ. ಅದೂ ಅಲ್ಲವಾದರೆ ಪುಸ್ತಕದ ಉತ್ತರ ಅಪವರ್ತಿಸಿದ ರೂಪದಲ್ಲಿರಬಹುದು: ನಿಮ್ಮದು ಯ² + ಯ − 6, ಅವರದು (ಯ − 2)(ಯ + 3). ಇವೆರಡಕ್ಕೂ 0, 1, 3 ಇವನ್ನು ಆದೇಶಿಸಿದರೆ −6, −4, 6 ಎಂಬ ಬೆಲೆಗಳೇ ಬರುತ್ತವೆ, ವರ್ಗ ಬಹುಪದೋಕ್ತಿಗೆ ಮೂರು ಬೆಲೆಗಳು ಸಾಕಾದ್ದರಿಂದ ಎರಡೂ ಒಂದೇ. ಕೊನೆಯದಾಗಿ ಪುಸ್ತಕದ ಉತ್ತರವನ್ನೇ ಪ್ರಶ್ನೆಯ ಎದುರು ಇಟ್ಟು 1 ಮತ್ತು 2 ಅನ್ನು ಆದೇಶಿಸಿ ನೋಡಿ. ನಿಮ್ಮ ಬೆಲೆಗಳು ಪ್ರಶ್ನೆಗೆ ಹೊಂದಿ ಅದರ ಬೆಲೆಗಳು ಹೊಂದದಿದ್ದರೆ, ಅಚ್ಚಿನ ತಪ್ಪನ್ನು ಪೆನ್ಸಿಲಿನಲ್ಲಿ ತಿದ್ದಿಕೊಂಡು ಮುಂದಿನ ಲೆಕ್ಕಕ್ಕೆ ಹೋಗಬಹುದು.